ಅಪ್ಪನಿಗೆ ಸೋಮವಾರದಿಂದ ‘ಕರೆಂಟ್’ ಶುರು, ಆ ಕೋಣೆಗೆ ಹೋಗಲು ಒಪ್ಪುತ್ತಿಲ್ಲ. ಏನು ಹೇಳಲಿ?

ಹೊಸನಗರದ ಮಗಳು · ಮಂಗಳವಾರ, ರಾತ್ರಿ 10.50

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪನಿಗೆ 63 ವರ್ಷ. ಎಡಗೆನ್ನೆಯ ಒಳಭಾಗದಲ್ಲಿ ಕ್ಯಾನ್ಸರ್ ಆಗಿತ್ತು. ಐದು ವಾರಗಳ ಹಿಂದೆ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಗಾಯ ಮಾಗಿದೆ, ಮೆತ್ತಗೆ ಮಾಡಿ ಕೊಟ್ಟರೆ ಅನ್ನ ನುಂಗುತ್ತಾರೆ. ಈಗ 30 ಸಿಟಿಂಗ್ ರೇಡಿಯೇಷನ್, ಅಂದರೆ ಈ ‘ಕರೆಂಟ್’, ಆಗಬೇಕು. ವಾರಕ್ಕೆ ಐದು ದಿನದಂತೆ ಆರು ವಾರ. ಸೋಮವಾರ ಶುರು.

ಕಳೆದ ಗುರುವಾರ, ತಲೆ ಅಲುಗಾಡದಂತೆ ಮುಖಕ್ಕೆ ಬಿಗಿಯುವ ಜಾಲರಿಯ ಮಾಸ್ಕ್ ಮಾಡಲು ಕರೆದಿದ್ದರು. ಅಪ್ಪ ಸುಮ್ಮನೆ ಮಲಗಿ ಮಾಡಿಸಿಕೊಂಡರು, ಸ್ಕ್ಯಾನ್ ಕೂಡ ಆಯಿತು. ಹೊರಗೆ ಬಂದಾಗ ಹಣೆಯ ಮೇಲೆ ಬಲೆಯ ಗುರುತು ಹಾಗೇ ಮೂಡಿತ್ತು. ಹೊರಗಿನ ಬೆಂಚಿನಲ್ಲಿ ಕುಳಿತಿದ್ದ ಒಬ್ಬರು, “ಇದು ಬರೀ ಅಳತೆ. ಕರೆಂಟ್ ಇಡುವ ದಿನ ಎಲ್ಲರೂ ಹೊರಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ” ಎಂದರು. ಅಂದಿನಿಂದ ಅಪ್ಪನ ಮಾತು ನಿಂತೇಹೋಗಿದೆ. ರಾತ್ರಿ ಎರಡು ಗಂಟೆಗೆ ಎದ್ದು ಜಗಲಿಯಲ್ಲಿ ಕೂರುತ್ತಾರೆ. ನಿನ್ನೆ, “ಕೊಯ್ದು ತೆಗೆದಾಯಿತಲ್ಲ, ಇನ್ನು ಸಾಕು, ನಾನು ಬರುವುದಿಲ್ಲ” ಎಂದುಬಿಟ್ಟರು.

ಆಸ್ಪತ್ರೆಯಲ್ಲಿ ಕೇಳಿದರೆ, “ಏನೂ ಆಗುವುದಿಲ್ಲ ಅಜ್ಜ, ಹೆದರಬೇಡಿ” ಎಂದು ಹೇಳಿ ಕಳುಹಿಸಿದರು. ಕೈಗೆ ಕೊಟ್ಟ ಹಾಳೆ ಇಂಗ್ಲಿಷಿನಲ್ಲಿದೆ. ನಾನು ಓದಿ ಹೇಳಬಲ್ಲೆ, ಆದರೆ ಅದರಲ್ಲಿರುವುದು ಅಡ್ಡ ಪರಿಣಾಮಗಳ ಪಟ್ಟಿ ಮಾತ್ರ. ಆ ಕೋಣೆಯೊಳಗೆ ನಿಜವಾಗಿ ಏನು ನಡೆಯುತ್ತದೆ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಮಗ್ಗಿ ಟೀಚರ್ · ಮಂಗಳವಾರ, ರಾತ್ರಿ 11.25

ತಂಗಿ, ನಾನು ದಾವಣಗೆರೆಯವಳು, ನಿವೃತ್ತ ಶಿಕ್ಷಕಿ. ನಾಲಿಗೆಯ ಕ್ಯಾನ್ಸರ್‌ಗೆ 33 ಸಿಟಿಂಗ್ ಮುಗಿಸಿ ನಾಲ್ಕು ವರ್ಷ ಆಯಿತು. ನನಗೆ ನಡೆದದ್ದನ್ನೇ ಹೇಳುತ್ತೇನೆ.

ಗಟ್ಟಿ ಮೇಜಿನ ಮೇಲೆ ಅಂಗಾತ ಮಲಗಿಸುತ್ತಾರೆ. ಮಾಸ್ಕ್ ಇಟ್ಟು ಎರಡೂ ಪಕ್ಕದಲ್ಲಿ ಕ್ಲಿಪ್ ಒತ್ತುತ್ತಾರೆ, ಕಟ್ ಕಟ್ ಎಂದು ಕಿವಿಯ ಬುಡದಲ್ಲೇ ಕೇಳುತ್ತದೆ. ಬಿಗಿಯಾಗಿರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಬಾಯಿ ತೆರೆಯಲು ಆಗುವುದಿಲ್ಲ, ಆದರೆ ಉಸಿರಿಗೆ ತೊಂದರೆಯಿಲ್ಲ, ಅದು ತೂತುಗಳ ಜಾಲರಿ. ದೀಪ ಮಂದವಾಗುತ್ತದೆ, ಗೋಡೆಯಿಂದ ಹಸಿರೋ ಕೆಂಪೋ ಗೆರೆಯಂಥ ಬೆಳಕು ಮೈಮೇಲೆ ಬೀಳುತ್ತದೆ. ಅದು ನೇರವಾಗಿ ಮಲಗಿದ್ದೇವೆಯೇ ಎಂದು ನೋಡಲು ಮಾತ್ರ. ಎಲ್ಲರೂ ಹೊರಗೆ ಹೋಗುತ್ತಾರೆ. ಯಂತ್ರದ ತಲೆ ಸುತ್ತಲೂ ತಿರುಗುತ್ತದೆ, ಮುಟ್ಟುವುದಿಲ್ಲ. ಜೀರುಂಡೆಯಂಥ ಶಬ್ದ ಬರುತ್ತದೆ, ನಿಲ್ಲುತ್ತದೆ, ಮತ್ತೆ ಬರುತ್ತದೆ. ಮುಗಿಯಿತು. ಬಿಸಿಯಿಲ್ಲ, ಉರಿಯಿಲ್ಲ, ಶಾಕ್ ಇಲ್ಲ.

ಮೊದಲ ದಿನ ಎದೆ ಡವಗುಟ್ಟಿ ಸತ್ತೇಹೋಗುತ್ತೇನೆ ಅನ್ನಿಸಿತ್ತು. ಎರಡನೆಯ ದಿನದಿಂದ ಮನಸ್ಸಿನಲ್ಲೇ ಮಗ್ಗಿ ಹೇಳಿಕೊಳ್ಳಲು ಶುರುಮಾಡಿದೆ. ಹನ್ನೊಂದರಿಂದ ಹಿಡಿದು ಹತ್ತೊಂಬತ್ತರ ಮಗ್ಗಿಗೆ ಬರುವಷ್ಟರಲ್ಲಿ ಬಾಗಿಲು ತೆರೆಯುವ ಸದ್ದು ಕೇಳುತ್ತಿತ್ತು. ಕೊನೆಯ ವಾರಗಳಲ್ಲಿ ಹದಿನೇಳರ ಮಗ್ಗಿಗೆ ಬಂದರೆ ಇನ್ನು ಎಷ್ಟು ಹೊತ್ತು ಎಂದು ನನಗೇ ಗೊತ್ತಾಗುತ್ತಿತ್ತು.

ಕೋಣೆಯ ಈಚೆ · ಬುಧವಾರ, ಬೆಳಿಗ್ಗೆ 6.10

ನಾನು ಬೆಂಗಳೂರಿನಲ್ಲಿ ರೇಡಿಯೇಷನ್ ಟೆಕ್ನಾಲಜಿಸ್ಟ್. ಹನ್ನೆರಡು ವರ್ಷಗಳಿಂದ ಆ ಕ್ಲಿಪ್ ಹಾಕುವ ಕೆಲಸ ನನ್ನದು. ಟೀಚರ್ ಬರೆದದ್ದಕ್ಕೆ ನಾನು ಸೇರಿಸುವಂಥದ್ದು ಹೆಚ್ಚಿಲ್ಲ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. “ಏನೂ ಆಗುವುದಿಲ್ಲ” ಎನ್ನುವುದು ಈ ವಿಭಾಗದಲ್ಲಿ ಹೇಳಬಾರದ ವಾಕ್ಯ. ಮುಖಕ್ಕೆ ಜಾಲರಿ ಬಿಗಿದು, ಭಾರದ ಬಾಗಿಲು ಮುಚ್ಚಿ, ಕೆಂಪು ದೀಪ ಹತ್ತಿಸಿ, ಏನೂ ಆಗುವುದಿಲ್ಲ ಎಂದರೆ ಯಾರು ನಂಬುತ್ತಾರೆ? ಏನು ಆಗುತ್ತದೆ ಎಂಬುದನ್ನು ಆಗುವ ಕ್ರಮದಲ್ಲಿಯೇ ಹೇಳಬೇಕು.

ನಾವು ಹೊರಗೆ ಹೋಗುವುದು ಏಕೆ ಎಂದು ಎಲ್ಲರ ಮನಸ್ಸಿನಲ್ಲೂ ಇರುತ್ತದೆ, ಬಾಯಿಬಿಟ್ಟು ಕೇಳುವವರು ಕಡಿಮೆ. ನಿಮ್ಮ ತಂದೆಗೆ ಬೇಕಾದ ಜಾಗಕ್ಕೆ, ಬೇಕಾದಷ್ಟೇ ಕಿರಣವನ್ನು ಅಳೆದು ಕೊಡುತ್ತಾರೆ. ನಾವು ಒಳಗೇ ನಿಂತರೆ ದಿನಕ್ಕೆ ಹತ್ತಾರು ರೋಗಿಗಳ ಲೆಕ್ಕದಲ್ಲಿ, ವರ್ಷವಿಡೀ, ಬೇಡವಾದದ್ದು ನಮ್ಮ ಮೈಗೆ ಸೇರುತ್ತದೆ. ಅದಕ್ಕೆ ಹೊರಗೆ ನಿಲ್ಲುತ್ತೇವೆ. ಆದರೆ ಕ್ಯಾಮೆರಾದಲ್ಲಿ ಅವರನ್ನು ನೋಡುತ್ತಲೇ ಇರುತ್ತೇವೆ, ಮೈಕಿನಲ್ಲಿ ನಮ್ಮ ದನಿ ಅವರಿಗೆ ಕೇಳುತ್ತದೆ. ಕೈ ಎತ್ತಿದರೆ ನಿಲ್ಲಿಸುತ್ತೇವೆ. ಅರ್ಧ ನಿಮಿಷದಲ್ಲಿ ಒಳಗೆ ಬಂದು ಮಾಸ್ಕ್ ಬಿಚ್ಚುತ್ತೇವೆ. ಯಾರು ತೆರೆದರೂ ಬಾಗಿಲು ತೆರೆದ ಕ್ಷಣ ಕಿರಣ ತಾನಾಗಿಯೇ ನಿಲ್ಲುತ್ತದೆ. ಕೋಣೆಯಲ್ಲಿ ಇರುವುದು ಒಟ್ಟು ಹತ್ತು, ಹದಿನೈದು ನಿಮಿಷ. ಕಿರಣ ಬೀಳುವುದು ಅದರಲ್ಲಿ ಕೆಲವೇ ನಿಮಿಷ.

ಮಾಸ್ಕ್ ಮಾಡುವ ದಿನ ನಾನು ಅದರ ಪ್ಲಾಸ್ಟಿಕ್ ಹಾಳೆಯ ತುಂಡೊಂದನ್ನು ಮೊದಲು ಅವರ ಅಂಗೈಗೆ ಕೊಡುತ್ತೇನೆ. ಬಿಸಿನೀರಿನ ತೊಟ್ಟಿಯಿಂದ ತೆಗೆದಾಗ ಅದು ಒದ್ದೆ ಹಪ್ಪಳದಂತೆ ಜೋಲುತ್ತದೆ, ನೋಡನೋಡುತ್ತಲೇ ತಣಿದು ಗಟ್ಟಿಯಾಗುತ್ತದೆ. ಕೈಯಲ್ಲಿ ಹಿಡಿದು, ತೂತಿನಿಂದ ಊದಿ ನೋಡಿದವರು ಮುಖಕ್ಕೆ ಇಡುವಾಗ ಅಷ್ಟು ಬೆಚ್ಚುವುದಿಲ್ಲ. ಅದಕ್ಕೆ ಬೇಕಾಗುವುದು ಎರಡು ನಿಮಿಷ.

ಈಗ ನಿಮಗೆ ಒಂದು ಪ್ರಶ್ನೆ. ಅಪ್ಪನಿಗೆ ಧೈರ್ಯ ಹೇಳುವ ಮೊದಲು, ಅವರಿಗೆ ನಿರ್ದಿಷ್ಟವಾಗಿ ಯಾವುದರ ಭಯ ಎಂದು ಕೇಳಿದ್ದೀರಾ? ಮಾಸ್ಕಿನದೇ, ಬಾಗಿಲಿನದೇ, ರೋಗದ್ದೇ? ಅದು ತಿಳಿಯದೆ ನಾವು ಎಷ್ಟು ಬರೆದರೂ ಅವರಿಗೆ ತಾಗುವುದಿಲ್ಲ.

ಹೊಸನಗರದ ಮಗಳು · ಬುಧವಾರ, ರಾತ್ರಿ 9.05

ಕೇಳಿರಲಿಲ್ಲ. ಇವತ್ತು ಕೇಳಿದೆ.

ಅಪ್ಪ 31 ವರ್ಷ ಲೈನ್‌ಮನ್ ಆಗಿದ್ದರು. ಇದನ್ನು ಮೊದಲೇ ಬರೆಯಬೇಕಿತ್ತು, ಇದಕ್ಕೂ ಅದಕ್ಕೂ ಸಂಬಂಧ ಇದೆ ಎಂದು ನನಗೆ ಹೊಳೆದಿರಲಿಲ್ಲ. ಸಂಜೆ ಕಷಾಯ ಕೊಟ್ಟು ಪಕ್ಕದಲ್ಲಿ ಕುಳಿತೆ. ತುಂಬಾ ಹೊತ್ತು ಸುಮ್ಮನಿದ್ದು ಹೇಳಿದರು. ಆಷಾಢದ ಮಳೆಯಲ್ಲಿ ಮರ ಬಿದ್ದು ಲೈನ್ ಹೋಗಿದ್ದಾಗ ಅವರ ಜೊತೆಯವರೊಬ್ಬರು ಕಂಬ ಹತ್ತಿದ್ದರಂತೆ. ಕೆಳಗಿದ್ದವರು, “ಆಫ್ ಮಾಡಿಸಿದ್ದೇವೆ, ಏನೂ ಆಗುವುದಿಲ್ಲ, ಹತ್ತು” ಎಂದಿದ್ದರಂತೆ. ಅವರನ್ನು ಇಳಿಸಿದ್ದು ಅಪ್ಪನೇ. ಆ ಕೈ ಹೇಗಿತ್ತು ಎಂದು ಹೇಳಿದರು, ಅದನ್ನು ಇಲ್ಲಿ ಬರೆಯಲಾರೆ.

“ಕರೆಂಟ್ ಏನು ಮಾಡುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೂವತ್ತು ದಿನ ತಲೆಗೆ ಇಡುತ್ತೇವೆ ಎನ್ನುತ್ತಾರೆ. ಅದೂ ಕಟ್ಟಿಹಾಕಿ” ಎಂದರು.

ನಮ್ಮ ಕಡೆ ಎಲ್ಲರೂ ಕರೆಂಟ್ ಇಡುವುದು ಎಂದೇ ಹೇಳುತ್ತಾರೆ. ನಾನೂ ಅದನ್ನೇ ಹೇಳುತ್ತಿದ್ದೆ. ಆಸ್ಪತ್ರೆಯ ಸಿಬ್ಬಂದಿಯೂ ಅರ್ಥವಾಗಲಿ ಎಂದು ಅದನ್ನೇ ಹೇಳಿದರು. ಆ ಶಬ್ದ ಅಪ್ಪನಿಗೆ ಏನನ್ನು ಕಣ್ಣ ಮುಂದೆ ತರುತ್ತಿದೆ ಎಂದು ಒಬ್ಬರಿಗೂ ತಿಳಿಯಲಿಲ್ಲ.

ಕೋಣೆಯ ಈಚೆ · ಬುಧವಾರ, ರಾತ್ರಿ 9.40

ಅಕ್ಕ, ಇದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ನಾನೂ ದಿನಕ್ಕೆ ಇಪ್ಪತ್ತು ಬಾರಿ ಕರೆಂಟ್ ಎನ್ನುತ್ತೇನೆ. ಹಳ್ಳಿಯಿಂದ ಬಂದವರಿಗೆ ಬೇಗ ಅರ್ಥವಾಗುವುದು ಅದೇ ಎಂದು ನಂಬಿದ್ದೆ.

ಅಪ್ಪನಿಗೆ ಅವರ ಕಸುಬಿನ ಮಾತಿನಲ್ಲೇ ಹೇಳಿ. ಟ್ಯೂಬ್‌ಲೈಟಿಗೆ ಕರೆಂಟ್ ಹೋಗುತ್ತದೆ, ಆದರೆ ಅದರ ಕೆಳಗೆ ಕುಳಿತವರ ಮೇಲೆ ಬೀಳುವುದು ಬೆಳಕು. ಇಲ್ಲಿಯೂ ಹಾಗೆಯೇ. ಯಂತ್ರ ಕರೆಂಟಿನಿಂದ ಓಡುತ್ತದೆ, ಅವರ ಕೆನ್ನೆಯ ಮೇಲೆ ಬೀಳುವುದು ಎಕ್ಸ್‌ರೇ. ಆಪರೇಷನ್‌ಗೆ ಮೊದಲು ಎದೆಯ ಎಕ್ಸ್‌ರೇ ತೆಗೆಸಿರುತ್ತಾರಲ್ಲ, ಅದೇ ಜಾತಿಯದು, ಶಕ್ತಿ ಬಹಳ ಹೆಚ್ಚು. ಮೈಗೆ ಯಾವ ತಂತಿಯನ್ನೂ ಜೋಡಿಸುವುದಿಲ್ಲ. ಮಾಸ್ಕ್ ಪ್ಲಾಸ್ಟಿಕ್, ಅದರಲ್ಲಿ ಏನೂ ಹರಿಯುವುದಿಲ್ಲ. ಅದು ಕಟ್ಟಿಹಾಕಲು ಅಲ್ಲ, ನಿನ್ನೆ ಬಿದ್ದ ಜಾಗಕ್ಕೇ ಇವತ್ತೂ ಬೀಳಲಿ ಎಂದು. ಅದಿಲ್ಲದಿದ್ದರೆ ಮುಖದ ತುಂಬ ಗೆರೆ ಬರೆದು, ಆರು ವಾರ ಅಳಿಸದಂತೆ ಕಾಯಬೇಕು. ಈಗ ಗೆರೆ ಮಾಸ್ಕಿನ ಮೇಲೆ ಇರುತ್ತದೆ.

ಇನ್ನೊಂದು ಕೆಲಸ ಮಾಡಿ. ಸೋಮವಾರಕ್ಕೆ ಕಾಯಬೇಡಿ. ಶುಕ್ರವಾರ ಅಥವಾ ಶನಿವಾರ ಆಸ್ಪತ್ರೆಗೆ ಫೋನ್ ಮಾಡಿ, ರೋಗಿಗಳ ಸರದಿ ಮುಗಿದ ಮೇಲೆ ಐದು ನಿಮಿಷ ಖಾಲಿ ಕೋಣೆ ತೋರಿಸುತ್ತೀರಾ ಎಂದು ಕೇಳಿ. ಲೈನ್‌ಮನ್ ಆಗಿದ್ದವರು ಎಂದು ಹೇಳಿ. ಹೆಚ್ಚಿನ ಕಡೆ ಇಲ್ಲ ಎನ್ನುವುದಿಲ್ಲ. ಕೇಳುವವರೇ ಇಲ್ಲ, ಅಷ್ಟೇ.

ಕಲ್ಪತರು ನಾಡು · ಗುರುವಾರ, ಬೆಳಿಗ್ಗೆ 8.15

ಎಲ್ಲರ ಕಾಳಜಿಯನ್ನು ಗೌರವಿಸುತ್ತೇನೆ, ಆದರೆ ನನಗೆ ಬೇರೆ ಅಭಿಪ್ರಾಯ ಇದೆ. ಇಷ್ಟೆಲ್ಲ ಬಿಡಿಸಿ ಹೇಳಿದರೆ ವಯಸ್ಸಾದವರ ಧೈರ್ಯ ಕುಸಿಯುತ್ತದೆ. ನಮ್ಮ ತಂದೆಗೆ ಗಂಟಲಿನ ಕ್ಯಾನ್ಸರ್. ನಾವು ಅಣ್ಣತಮ್ಮಂದಿರು ಮಾತಾಡಿಕೊಂಡು, ಗಂಟಲಿನ ಹುಣ್ಣಿಗೆ ಲೈಟ್ ಟ್ರೀಟ್‌ಮೆಂಟ್ ಎಂದಷ್ಟೇ ಹೇಳಿದೆವು. ಕ್ಯಾನ್ಸರ್ ಎಂಬ ಪದವನ್ನು ಡಾಕ್ಟರರೂ ಅವರ ಎದುರು ಎತ್ತದಂತೆ ಬೇಡಿಕೊಂಡೆವು. 35 ಸಿಟಿಂಗ್ ಮುಗಿಸಿದರು. ಅರಿಯದೇ ಇರುವುದೇ ಕೆಲವರಿಗೆ ಒಳ್ಳೆಯದು.

ವಿಕಿರಣ ವೈದ್ಯೆ · ಗುರುವಾರ, ಮಧ್ಯಾಹ್ನ 2.30

ಕಲ್ಪತರು ನಾಡು ಅವರೇ, ನೀವು ಪ್ರೀತಿಯಿಂದಲೇ ಹಾಗೆ ಮಾಡಿದ್ದೀರಿ, ಅದರಲ್ಲಿ ಸಂಶಯವಿಲ್ಲ. ಆದರೂ ನಾನು ಒಪ್ಪುವುದಿಲ್ಲ. ಕ್ಯಾನ್ಸರ್ ಎಂದು ಬರೆದ ಫಲಕದ ಕೆಳಗೆ, ಕುತ್ತಿಗೆ ಕಪ್ಪಾದ ಇಪ್ಪತ್ತು ಜನರ ನಡುವೆ ಏಳು ವಾರ ಕುಳಿತ ಮನುಷ್ಯನಿಗೆ ತನ್ನ ರೋಗ ಗೊತ್ತಾಗಿರುವುದಿಲ್ಲವೇ? ಎಷ್ಟೋ ಹಿರಿಯರು ಮಕ್ಕಳನ್ನು ಹೊರಗೆ ಕಳುಹಿಸಿ ನನ್ನ ಬಳಿ ಹೇಳಿದ್ದಾರೆ: “ನನಗೆ ಗೊತ್ತಿದೆ ಅಮ್ಮ, ಮಕ್ಕಳಿಗೆ ನೋವಾಗುತ್ತದೆ ಎಂದು ಸುಮ್ಮನಿದ್ದೇನೆ.” ಎರಡೂ ಕಡೆಯವರು ಒಬ್ಬರಿಗೊಬ್ಬರು ಮುಚ್ಚಿಡುತ್ತ, ಭಯವನ್ನು ಒಬ್ಬೊಬ್ಬರೇ ಹೊರುತ್ತಾರೆ.

ಹಾಗೆಂದು ಎಲ್ಲವನ್ನೂ ಒಂದೇ ದಿನ ಸುರಿಯಬೇಕೆಂದಲ್ಲ. ನಾನು ಮೊದಲು ಕೇಳುವುದು, “ನಿಮಗೆ ಎಷ್ಟು ತಿಳಿಯಬೇಕು? ಎಲ್ಲವನ್ನೂ ಹೇಳಲೇ, ಆಯಾ ವಾರದ್ದನ್ನು ಆಯಾ ವಾರ ಹೇಳಲೇ?” ಅವರು ಹೇಳಿದಂತೆ ನಡೆಯುತ್ತೇನೆ. ಆತಂಕವನ್ನು ಸೊನ್ನೆಯಿಂದ ಹತ್ತರ ಮಾಪಕದಲ್ಲಿ ತೋರಿಸಿ ಎನ್ನುವ ಪದ್ಧತಿ ಇದೆ, ಜ್ವರ ನೋಡುವ ಥರ್ಮಾಮೀಟರಿನಂತೆ ಚಿತ್ರ ಬರೆದಿರುತ್ತದೆ. ನಾಲ್ಕಕ್ಕೆ ಅಥವಾ ಅದಕ್ಕಿಂತ ಮೇಲೆ ಬೆರಳಿಟ್ಟರೆ ನಿಂತು ವಿಚಾರಿಸಬೇಕು. ಓದು ಬರಹ ಇಲ್ಲದವರೂ ಸರಿಯಾಗಿ ಬೆರಳು ಇಡುತ್ತಾರೆ.

ಹೊಸನಗರದ ಮಗಳೇ, ಕೆಲವು ಸಂಗತಿಗಳನ್ನು ಮಾತ್ರ ತಂದೆಗೆ ಈಗಲೇ ಹೇಳಿ. ಮೊದಲ ಎರಡು ವಾರ ಹೆಚ್ಚೇನೂ ಅನ್ನಿಸುವುದಿಲ್ಲ. ಆಮೇಲೆ ಬಾಯಿ ಒಣಗುತ್ತದೆ, ರುಚಿ ಹೋಗುತ್ತದೆ, ಹುಣ್ಣಾಗುತ್ತದೆ, ಕೆನ್ನೆ ಕಪ್ಪಾಗುತ್ತದೆ. ಮುಗಿಯುವ ಹೊತ್ತಿಗೆ ಮತ್ತು ಮುಗಿದು ಒಂದೆರಡು ವಾರ ಜೋರಾಗಿರುತ್ತದೆ, ಬಳಿಕ ಇಳಿಯುತ್ತದೆ. ಗಡ್ಡ ಕಿರಣ ಬಿದ್ದ ಭಾಗದಲ್ಲಿ ಉದುರಬಹುದು. ಬರೀ ರೇಡಿಯೇಷನ್ ಆದರೆ ತಲೆಗೂದಲು ಪೂರ್ತಿ ಹೋಗುವುದಿಲ್ಲ. ಇದನ್ನು ಮೊದಲೇ ಹೇಳಿದರೆ, ಮೂರನೆಯ ವಾರ ಹುಣ್ಣು ಬಂದಾಗ ರೋಗ ಉಲ್ಬಣಿಸಿತು ಎಂದು ಹೆದರಿ ಊರಿಗೆ ಓಡುವುದಿಲ್ಲ. ನಡುವೆ ಬಿಟ್ಟು ಹೋಗುವುದು ದೊಡ್ಡ ಅಪಾಯ. ದಿನಗಳು ತಪ್ಪಿದರೆ ಉಳಿದಿರಬಹುದಾದ ಕ್ಯಾನ್ಸರ್ ಕಣಗಳು ಮತ್ತೆ ಬೆಳೆಯಲು ಸಮಯ ಸಿಗುತ್ತದೆ. ಹಲ್ಲಿನ ತಪಾಸಣೆ ಆಗಿದೆಯೇ ನೋಡಿ, ಆಗಿಲ್ಲದಿದ್ದರೆ ಸೋಮವಾರಕ್ಕೆ ಮೊದಲೇ ವೈದ್ಯರಿಗೆ ತಿಳಿಸಿ.

ಇಷ್ಟಾದ ಮೇಲೂ ಮಾಸ್ಕ್ ಸಹಿಸಲು ಆಗದಿದ್ದರೆ ಅದು ದೌರ್ಬಲ್ಯವಲ್ಲ. ಮಾಸ್ಕಿನಲ್ಲಿ ಕಣ್ಣಿನ ಜಾಗ ಕತ್ತರಿಸಲು ಬರುತ್ತದೆಯೇ ಎಂದು ಕೇಳಬಹುದು. ಮೊದಲ ಕೆಲವು ದಿನ ವೈದ್ಯರು ಕೊಡುವ ಸಣ್ಣ ಮಾತ್ರೆಯೂ ನೆರವಾಗುತ್ತದೆ.

ಕಲ್ಪತರು ನಾಡು · ಗುರುವಾರ, ಸಂಜೆ 6.50

ಮೇಡಂ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಅಪ್ಪ ಕೊನೆಯ ಸಿಟಿಂಗ್ ದಿನ ಆ ಮಾಸ್ಕನ್ನು ಮನೆಗೆ ತಂದು ತಾವೇ ಅಟ್ಟದ ಮೇಲೆ ಇಟ್ಟರು. ಹುಣ್ಣಿಗೆ ಯಾರೂ ಅಂಥದ್ದನ್ನು ಹಾಕುವುದಿಲ್ಲ ಎಂದು ಅವರಿಗೆ ತಿಳಿದಿರಬೇಕು. ಈ ಭಾನುವಾರ ಊರಿಗೆ ಹೋಗುತ್ತಿದ್ದೇನೆ. ಮಾತಾಡುತ್ತೇನೆ.

ರಾಯಚೂರು ಸೊಸೆ · ಗುರುವಾರ, ರಾತ್ರಿ 10.15

ನಮ್ಮ ಅತ್ತೆಯದು ಗರ್ಭಕೊರಳಿನ ಕ್ಯಾನ್ಸರ್. ಹೊರಗಿನಿಂದ 25 ಸಿಟಿಂಗ್, ಆಮೇಲೆ ಒಳಗೆ ನಳಿಕೆ ಇಟ್ಟು ಕೊಡುವುದು ಬೇರೆ. ಅವರ ಕಥೆ ಇಲ್ಲಿ ಹೇಳಲೇಬೇಕು ಅನ್ನಿಸಿತು.

ಶುರುವಾದ ಮೂರನೆಯ ದಿನ ನಾನು ಗಮನಿಸಿದೆ, ಅತ್ತೆ ತಮ್ಮ ತಟ್ಟೆ ಲೋಟ ಬೇರೆ ಇಟ್ಟುಕೊಂಡಿದ್ದರು. ಹಿತ್ತಲಿನಲ್ಲಿ ತಾವೇ ತೊಳೆದು ಮಗುಚಿ ಇಡುತ್ತಿದ್ದರು. ನನ್ನ ಎರಡು ವರ್ಷದ ಮಗಳು ತೊಡೆ ಹತ್ತಲು ಹೋದರೆ, “ಅಜ್ಜಿಗೆ ಮೈ ಸರಿಯಿಲ್ಲ ಕಂದ” ಎಂದು ದೂರ ಸರಿಸುತ್ತಿದ್ದರು. ಸುಸ್ತಿಗೆ ಹಾಗೆ ಮಾಡುತ್ತಾರೆ ಎಂದುಕೊಂಡಿದ್ದೆ. ಹತ್ತನೆಯ ಸಿಟಿಂಗ್ ಹೊತ್ತಿಗೆ ನರ್ಸಮ್ಮ ಒಬ್ಬರು ವಿಚಾರಿಸಿದಾಗ ವಿಷಯ ಹೊರಗೆ ಬಂತು. ಮೈಯೊಳಗೆ ವಿಷದ ಕಿರಣ ತುಂಬಿದೆ, ಮಗುವಿಗೆ ತಾಗುತ್ತದೆ ಎಂದು ಅವರು ನಂಬಿದ್ದರು. ಎರಡು ವಾರ ಆ ಮಗುವನ್ನು ಮುಟ್ಟದೆ ಇದ್ದರು.

ಹೊರಗಿನ ರೇಡಿಯೇಷನ್‌ನಲ್ಲಿ ಮೈಯೊಳಗೆ ಏನೂ ಉಳಿಯುವುದಿಲ್ಲ, ದೀಪ ಆರಿಸಿದರೆ ಬೆಳಕು ಉಳಿಯದ ಹಾಗೆ ಎಂದು ನರ್ಸಮ್ಮ ಹೇಳಿದರು. ಅವತ್ತು ಮನೆಗೆ ಬಂದವರೇ ಮಗುವನ್ನು ಎತ್ತಿಕೊಂಡು ಅಂಗಳದಲ್ಲಿ ಕುಳಿತುಬಿಟ್ಟರು. ಆ ಒಂದು ಮಾತನ್ನು ಮೊದಲ ದಿನವೇ ಯಾರಾದರೂ ಹೇಳಿದ್ದರೆ?

ಹೆಂಗಸರಿಗೆ ಇನ್ನೂ ಒಂದಿದೆ. ಎಲ್ಲಿಯವರೆಗೆ ಬಟ್ಟೆ ಸರಿಸಬೇಕು, ಒಳಗೆ ಗಂಡಸರು ಇರುತ್ತಾರೆಯೇ, ಮೂತ್ರ ತಡೆದುಕೊಂಡು ಮಲಗಬೇಕು ಎಂದು ನೀರು ಕುಡಿಸುತ್ತಾರಲ್ಲ, ಅದು ಏಕೆ? ಅತ್ತೆ ಇದಾವುದನ್ನೂ ಕೇಳುವವರಲ್ಲ. ಕೇಳದಿದ್ದರೂ ಹೇಳಬೇಕು.

ಅಳತೆಗಾರ · ಶುಕ್ರವಾರ, ಬೆಳಿಗ್ಗೆ 7.20

ನಾನು ಮೆಡಿಕಲ್ ಫಿಸಿಸಿಸ್ಟ್, ಕಿರಣ ಎಷ್ಟು ಕೊಡಬೇಕೆಂಬ ಲೆಕ್ಕ ಹಾಕುವವನು. ರೋಗಿಗಳು ನಮ್ಮನ್ನು ನೋಡುವುದೇ ಕಡಿಮೆ. ರಾಯಚೂರಿನ ಸಹೋದರಿ ಬರೆದದ್ದು ಸರಿ. ಒಳಗೆ ನಳಿಕೆ ಇಟ್ಟು ಕೊಡುವ ವಿಧಾನದಲ್ಲಿಯೂ ಸಾಮಾನ್ಯವಾಗಿ ಕಿರಣ ಸೂಸುವ ಮೂಲವಸ್ತು ಒಳಗೆ ಹೋಗಿ, ಕೆಲಸ ಮುಗಿಸಿ, ಯಂತ್ರಕ್ಕೆ ಮರಳುತ್ತದೆ. ಥೈರಾಯ್ಡ್ ಕ್ಯಾನ್ಸರ್‌ಗೆ ಕುಡಿಸುವ, ಕಿರಣ ಸೂಸುವ ಅಯೋಡಿನ್-131ರ ವಿಷಯ ಬೇರೆ. ಅಲ್ಲಿ ಕೆಲವು ದಿನ ದೂರ ಇರಬೇಕು, ಆಸ್ಪತ್ರೆಯವರೇ ಹೇಳುತ್ತಾರೆ.

ಮಾಸ್ಕ್ ಆದ ಮೇಲೆ ಮೊದಲ ಸಿಟಿಂಗ್‌ವರೆಗೆ ಏಕೆ ಇಷ್ಟು ದಿನ ಎಂದು ಎಲ್ಲರೂ ಕಂಗಾಲಾಗುತ್ತಾರೆ. ನಮ್ಮನ್ನು ಮರೆತಿದ್ದಾರೆ, ಅಷ್ಟರಲ್ಲಿ ರೋಗ ಹಬ್ಬುತ್ತದೆ ಎಂದು. ಆ ದಿನಗಳಲ್ಲಿ ನಿಮ್ಮ ಕೆಲಸವೇ ನಡೆಯುತ್ತಿರುತ್ತದೆ. ಸ್ಕ್ಯಾನ್‌ನ ಒಂದೊಂದು ಪದರದ ಮೇಲೂ ವೈದ್ಯರು ಎಲ್ಲಿ ಬೀಳಬೇಕು, ಎಲ್ಲಿ ಬೀಳಬಾರದು ಎಂದು ಗೆರೆ ಎಳೆಯುತ್ತಾರೆ: ಬೆನ್ನುಹುರಿ, ಲಾಲಾಗ್ರಂಥಿ, ಕಣ್ಣು. ಅದರ ಮೇಲೆ ನಾವು ಲೆಕ್ಕ ಹಾಕುತ್ತೇವೆ. ನಿಮ್ಮ ತಂದೆಯಂಥವರಿಗೆ ಸಾಮಾನ್ಯವಾಗಿ ದಿನಕ್ಕೆ 2 ಗ್ರೇ, ಒಟ್ಟು 60 ಗ್ರೇ (ಗ್ರೇ ಎಂದರೆ ವಿಕಿರಣದ ಅಳತೆ). ಹಂಚಿ ಕೊಡುವುದು ಏಕೆಂದರೆ ಪಕ್ಕದ ಆರೋಗ್ಯದ ಕಣಗಳು ರಾತ್ರಿ ಕಳೆಯುವಷ್ಟರಲ್ಲಿ ಬಹುಮಟ್ಟಿಗೆ ರಿಪೇರಿ ಮಾಡಿಕೊಳ್ಳುತ್ತವೆ, ಕ್ಯಾನ್ಸರ್ ಕಣಕ್ಕೆ ಆ ಶಕ್ತಿ ಕಡಿಮೆ.

ಲೈನ್‌ಮನ್ ಆಗಿದ್ದವರು ಖಂಡಿತ ಕೇಳುವ ಪ್ರಶ್ನೆಗೆ ಈಗಲೇ ಉತ್ತರ ಕೊಡುತ್ತೇನೆ. ನಡುವೆ ವಿದ್ಯುತ್ ಹೋದರೆ? ಕರೆಂಟಿನಿಂದ ಎಕ್ಸ್‌ರೇ ಹೊಮ್ಮಿಸುವ ಲಿನಾಕ್ ಯಂತ್ರದಲ್ಲಿ ಕಿರಣ ಆ ಕ್ಷಣ ನಿಲ್ಲುತ್ತದೆ, ಯಂತ್ರದಲ್ಲಿ ಸೂಸಲು ಬೇರೇನೂ ಇರುವುದಿಲ್ಲ. ಎಷ್ಟು ಕೊಟ್ಟಾಗಿತ್ತು ಎಂಬ ಲೆಕ್ಕ ಉಳಿದಿರುತ್ತದೆ, ಬಾಕಿಯನ್ನು ಮತ್ತೆ ಕೊಡುತ್ತೇವೆ. ಕೋಬಾಲ್ಟ್-60 ಯಂತ್ರವಾದರೆ ಮೂಲವಸ್ತು ತಾನಾಗಿಯೇ ಕವಚದೊಳಗೆ ಹಿಂದೆ ಸರಿಯುವಂತೆ ಕಟ್ಟಿರುತ್ತಾರೆ. ಅವರು ಲೈನ್ ಮುಟ್ಟುವ ಮೊದಲು ಅರ್ತಿಂಗ್ ರಾಡ್ ಹಾಕುತ್ತಿದ್ದ ಹಾಗೆಯೇ, ನಾವು ದಿನಾ ಬೆಳಿಗ್ಗೆ ಮೊದಲ ರೋಗಿಗಿಂತ ಮೊದಲು ಯಂತ್ರವನ್ನು ಅಳೆದು ನೋಡಿ ರಿಜಿಸ್ಟರಿನಲ್ಲಿ ಬರೆಯುತ್ತೇವೆ. ಅದನ್ನು ತೋರಿಸಿ ಎಂದು ಅವರು ಕೇಳಿದರೆ ನಾನಾಗಿದ್ದರೆ ಸಂತೋಷದಿಂದ ತೋರಿಸುತ್ತಿದ್ದೆ.

ಮೆಲ್ಬರ್ನ್ ಕನ್ನಡತಿ · ಶುಕ್ರವಾರ, ಮಧ್ಯಾಹ್ನ 12.40

ಇಲ್ಲಿ ನಾನೂ ಇದೇ ವೃತ್ತಿಯಲ್ಲಿದ್ದೇನೆ. ಆಸ್ಟ್ರೇಲಿಯದಲ್ಲಿ ಸ್ತನ ಕ್ಯಾನ್ಸರ್ ರೋಗಿಗಳೊಂದಿಗೆ ‘ಆರ್‌ಟಿ ಪ್ರಿಪೇರ್’ ಎಂಬ ಅಧ್ಯಯನ ನಡೆಯಿತು, 2018ರಲ್ಲಿ ಫಲಿತಾಂಶ ಪ್ರಕಟವಾಯಿತು. ಪ್ಲಾನಿಂಗ್‌ಗೆ (ಸ್ಕ್ಯಾನ್ ಮಾಡಿ ಅಳತೆ ತೆಗೆಯುವುದಕ್ಕೆ) ಮೊದಲು ಒಮ್ಮೆ, ಮೊದಲ ಚಿಕಿತ್ಸೆಗೆ ಮುನ್ನ ಇನ್ನೊಮ್ಮೆ, ಟೆಕ್ನಾಲಜಿಸ್ಟರೇ ರೋಗಿಯ ಜೊತೆ ಕುಳಿತು, ಏನು ಮಾಡುತ್ತೇವೆ, ಆಗ ನಿಮಗೆ ಏನು ಕಾಣುತ್ತದೆ, ಏನು ಕೇಳಿಸುತ್ತದೆ ಎಂದು ವಿವರಿಸುವುದು. ಚಿಕಿತ್ಸೆಗೆ ಮೊದಲಿನ ಆತಂಕ ಅದರಿಂದ ತಗ್ಗಿತು. ಇಲ್ಲಿ ಟೀಚರ್ ಬರೆದದ್ದು ಅದನ್ನೇ. ಅವರ ‘ಕಟ್ ಕಟ್’ ಮತ್ತು ಜೀರುಂಡೆ ಯಾವ ಮುದ್ರಿತ ಹಾಳೆಯಲ್ಲೂ ಸಿಗುವುದಿಲ್ಲ.

ಹೊಸನಗರದ ಮಗಳು · ಶನಿವಾರ, ರಾತ್ರಿ 8.30

ಇವತ್ತು ಹೋಗಿ ನೋಡಿಕೊಂಡು ಬಂದೆವು. ಫೋನಿನಲ್ಲಿ ಕೇಳಿದಾಗ ಸ್ವಲ್ಪ ತಡವರಿಸಿದರು, ಆಮೇಲೆ, “ಮಧ್ಯಾಹ್ನ ಎರಡರ ನಂತರ ಬನ್ನಿ” ಎಂದರು.

ಅಪ್ಪ ಬಾಗಿಲಿನಲ್ಲೇ ನಿಂತು ಗೋಡೆ ತಟ್ಟಿ ನೋಡಿದರು. ಕೆಲವು ಕಡೆ ಎರಡು ಮೀಟರಿಗಿಂತ ಹೆಚ್ಚು ದಪ್ಪದ ಕಾಂಕ್ರೀಟ್ ಎಂದು ಅಲ್ಲಿದ್ದ ಹುಡುಗ ಹೇಳಿದ. ಆ ಹುಡುಗನ ಅಂಗಿಗೆ ಸಿಕ್ಕಿಸಿದ್ದ ಸಣ್ಣ ಬ್ಯಾಡ್ಜ್ ಏನೆಂದು ಅಪ್ಪ ಕೇಳಿದರು. ಅವನ ಮೈಗೆ ಎಷ್ಟು ವಿಕಿರಣ ತಗುಲಿದೆ ಎಂದು ಅಳೆಯಲು, ಮೂರು ತಿಂಗಳಿಗೊಮ್ಮೆ ಕಳುಹಿಸಿ ನೋಡುತ್ತಾರಂತೆ. ಅಪ್ಪನಿಗೆ ಅದು ತುಂಬಾ ಹಿಡಿಸಿತು. ಮೇಜಿನ ಕೆಳಗೆ ಬಗ್ಗಿ ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ನೋಡಿದರು. ಅಪಾಯ ಬಂದರೆ ನಿಲ್ಲಿಸುವ ಕೆಂಪು ಗುಂಡಿ ಎಷ್ಟು ಕಡೆ ಇದೆ ಎಂದು ಎಣಿಸಿದರು. ಹೊರಗೆ ಕರೆದುಕೊಂಡು ಹೋಗಿ ಕ್ಯಾಮೆರಾ ಪರದೆ ತೋರಿಸಿದಾಗ, ನನ್ನನ್ನು ಒಳಗೆ ಕಳುಹಿಸಿ, “ಕೈ ಎತ್ತು” ಎಂದು ಮೈಕಿನಲ್ಲಿ ಹೇಳಿಸಿ ನೋಡಿದರು. ಎತ್ತಿದೆ. ಕಾಣುತ್ತದೆ ಎಂದು ಖಚಿತಪಡಿಸಿಕೊಂಡರು.

ಬಸ್ಸಿನಲ್ಲಿ ಹುಲಿಕಲ್ ಘಾಟಿ ಹತ್ತುವಾಗ ಒಂದೇ ಮಾತು ಹೇಳಿದರು. “ಟ್ಯೂಬ್‌ಲೈಟಿನ ಲೆಕ್ಕ ಸರಿಯಾಗಿದೆ.”

ಹೊಸನಗರದ ಮಗಳು · ಸೋಮವಾರ, ರಾತ್ರಿ 9.15

ಮೊದಲ ಸಿಟಿಂಗ್ ಆಯಿತು. ಆಸ್ಪತ್ರೆಯ ಹತ್ತಿರವೇ ಒಂದು ರೂಮ್ ಮಾಡಿಕೊಂಡಿದ್ದೇವೆ. ಹೆದರಿಕೆ ಇರಲಿಲ್ಲ ಎಂದಲ್ಲ, ಒಳಗೆ ಹೋಗುವ ಮೊದಲು ನನ್ನ ಕೈ ಹಿಡಿದಿದ್ದರು, ಅಂಗೈ ತಣ್ಣಗಿತ್ತು. ಆದರೆ ತಾವಾಗಿಯೇ ನಡೆದು ಹೋದರು.

ಅಪ್ಪ ಕೆಲಸದಲ್ಲಿದ್ದಾಗ ದಿನಾ ಒಂದು ಪುಸ್ತಕದಲ್ಲಿ ಯಾವ ಲೈನ್, ಎಷ್ಟು ಹೊತ್ತಿಗೆ ಆಫ್, ಎಷ್ಟು ಹೊತ್ತಿಗೆ ಆನ್ ಎಂದು ಬರೆದಿಡುತ್ತಿದ್ದರು. ಇವತ್ತು ದಾರಿಯಲ್ಲಿ ನೋಟ್‌ಬುಕ್ ಕೊಂಡರು. ಅವರು ಮಲಗಿದ ಮೇಲೆ ತೆಗೆದು ನೋಡಿದೆ: “1/30. ಒಳಗೆ 11.20, ಹೊರಗೆ 11.34. ಶಬ್ದ ಇದೆ. ಶಾಕ್ ಇಲ್ಲ. ಕ್ಲಿಪ್ ಬಲಗಡೆ ಬಿಗಿ, ನಾಳೆ ಹೇಳಬೇಕು.”

ಟೀಚರ್, ನಿಮಗೆ ಒಂದು ಪ್ರಶ್ನೆ. ಬಾಯಿ ಹುಣ್ಣಾದಾಗ ಗಂಜಿ ಬಿಟ್ಟು ಏನೇನು ತಿಂದಿರಿ? ಈಗಲೇ ಬರೆದಿಟ್ಟುಕೊಳ್ಳುತ್ತೇನೆ.

ಮಗ್ಗಿ ಟೀಚರ್ · ಸೋಮವಾರ, ರಾತ್ರಿ 9.50

ಹುಳಿ, ಖಾರ ಎರಡನ್ನೂ ಈಗಿನಿಂದಲೇ ಕಡಿಮೆ ಮಾಡು. ರಾಗಿ ಅಂಬಲಿ ತಣ್ಣಗೆ, ಮಜ್ಜಿಗೆ ಬೇಡ, ಹಾಲು ಹಾಕಿ. ತೊವ್ವೆಯನ್ನು ನುಣ್ಣಗೆ ಅರೆದು ತುಪ್ಪ ಹಾಕು. ಮೊಟ್ಟೆ ತಿನ್ನುವವರಾದರೆ ಮೆತ್ತಗೆ ಬೇಯಿಸಿ ಕಿವುಚಿ ಕೊಡು. ಉಗುರು ಬೆಚ್ಚಗಿನ ನೀರಿಗೆ ಸ್ವಲ್ಪ ಉಪ್ಪು, ಸ್ವಲ್ಪ ಅಡುಗೆ ಸೋಡಾ ಹಾಕಿ ದಿನಕ್ಕೆ ಐದಾರು ಸಲ ಬಾಯಿ ಮುಕ್ಕಳಿಸಬೇಕು, ಹುಣ್ಣು ಬರುವ ಮೊದಲೇ ಶುರುಮಾಡಿಸು. ವಾರಕ್ಕೊಮ್ಮೆ ತೂಕ ನೋಡಿ ಅಪ್ಪನ ಪುಸ್ತಕದಲ್ಲೇ ಬರೆಸು, ಇಳಿಯತೊಡಗಿದರೆ ಡಾಕ್ಟರರಿಗೆ ತೋರಿಸು. ಬಲಗಡೆಯ ಕ್ಲಿಪ್ ವಿಷಯವನ್ನು ನಾಳೆ ಮಲಗುವ ಮೊದಲೇ ಹೇಳಲಿ, ಮಾಸ್ಕ್ ಹಾಕಿದ ಮೇಲೆ ಬಾಯಿ ಬಿಡಲು ಆಗುವುದಿಲ್ಲ.